ಕಾರ್ಡ್ ಕೆಟ್ಟಿಲ್ಲ, ಲಿಪಿ ಬೇರೆ

ಲಿನಕ್ಸಿನಿಂದ ನಡೆಯುವ ಆಟದ ಕೈಯಂತ್ರ ಸ್ಟೀಮ್ ಡೆಕ್‌ನಲ್ಲಿ ನಿನ್ನೆಯವರೆಗೂ ಸಲೀಸಾಗಿ ಆಟ ಓಡಿಸುತ್ತಿದ್ದ ಮೈಕ್ರೋ ಎಸ್‌ಡಿ ಕಾರ್ಡನ್ನು ತೆಗೆದು ವಿಂಡೋಸ್ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿ. ಪರದೆಯ ಮೇಲೆ ಪುಟ್ಟದೊಂದು ಕಿಟಕಿ ತೆರೆದು, ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳುತ್ತದೆ. ಕೇಳುವ ಧಾಟಿ ನೋಡಿದರೆ ಕಾರ್ಡಿನೊಳಗೆ ಏನೂ ಇಲ್ಲವೆಂದೇ ಯಾರಾದರೂ ನಂಬಬೇಕು. ಆದರೆ ಇದ್ದದ್ದೆಲ್ಲ ಇದ್ದಲ್ಲೇ ಇರುತ್ತದೆ. ಧಾರವಾಡ, ಬೆಳಗಾವಿ ಕಡೆಯ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಕಾಗದಪತ್ರಗಳು ಸಿಗುತ್ತವೆ. ಓದಲು ಬಾರದವರಿಗೆ ಅದು ಬರೀ ಗೀಚು, ಬಲ್ಲವರಿಗೆ ಜಮೀನಿನ ಲೆಕ್ಕ. ಕಾರ್ಡಿನ ಕಥೆಯೂ ಅಷ್ಟೆ. ಒಳಗಿನ ಚಿಪ್ಪಿಗೆ ಗೊತ್ತಿರುವುದು ತಲಾ 512 ಬೈಟ್‌ಗಳ, ನಂಬರು ಹಾಕಿದ ಖಾನೆಗಳು ಮಾತ್ರ. ಯಾವ ಖಾನೆಯಿಂದ ಯಾವ ಖಾನೆಯವರೆಗೆ ಒಂದು ಫೋಟೋ, ಅದರ ಹೆಸರೇನು, ಖಾಲಿ ಜಾಗ ಎಲ್ಲಿದೆ ಎಂಬ ಲೆಕ್ಕವನ್ನೆಲ್ಲ ಅದೇ ಕಾರ್ಡಿನ ಮೇಲೆ ಬರೆದಿಡುವ ಪದ್ಧತಿಗೆ ಫೈಲ್ ಸಿಸ್ಟಮ್ ಎನ್ನುತ್ತಾರೆ. ಪದ್ಧತಿ ಗೊತ್ತಿಲ್ಲದ ಯಂತ್ರ "ನನಗೆ ಓದಲು ಬಾರದು" ಎನ್ನುವ ಬದಲು "ಇದನ್ನು ಅಳಿಸಿಬಿಡಲೇ" ಎನ್ನುತ್ತದೆ. ನನ್ನ ಪ್ರಕಾರ ತಪ್ಪು ಶುರುವಾಗುವುದೇ ಇಲ್ಲಿ.

ಲಿಪಿಗಳು ಹೀಗೆ ಬೇರೆಬೇರೆಯಾಗಿ ಉಳಿದದ್ದಕ್ಕೆ ತಂತ್ರಜ್ಞಾನದ ಕಷ್ಟಕ್ಕಿಂತ ಕಾನೂನಿನ ಕಟ್ಟು ದೊಡ್ಡ ಕಾರಣ. ಬಹುಕಾಲ ಎಲ್ಲರೂ ಓದಬಲ್ಲ ಲಿಪಿಯೆಂದರೆ ಮೈಕ್ರೋಸಾಫ್ಟಿನ ಫ್ಯಾಟ್-32. ಕ್ಯಾಮೆರಾ, ಕಾರಿನ ಸ್ಟೀರಿಯೊ, ಲಿನಕ್ಸ್ ಫೋನು, ಎಲ್ಲಕ್ಕೂ ಅದು ಬರುತ್ತಿತ್ತು. ಅದರಲ್ಲಿ ಒಂದು ಫೈಲಿನ ಗಾತ್ರವನ್ನು ಬರೆಯಲು 32 ಬಿಟ್‌ಗಳ ಜಾಗವಷ್ಟೇ ಇದೆ. ಹಾಗಾಗಿ ಯಾವ ಫೈಲೂ 4,29,49,67,295 ಬೈಟ್ ದಾಟುವಂತಿಲ್ಲ; ಕಾರ್ಡಿನಲ್ಲಿ ಎಷ್ಟೇ ಜಾಗ ಖಾಲಿಯಿದ್ದರೂ ಸುಮಾರು 4 ಜಿಬಿಗೆ ದೊಡ್ಡ ಸಿನಿಮಾ ನಿಂತುಹೋಗುತ್ತದೆ. 2006ರಲ್ಲಿ ಮೈಕ್ರೋಸಾಫ್ಟ್ ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ತಂದಿತು. 2009ರಲ್ಲಿ ಎಸ್‌ಡಿ ಕಾರ್ಡುಗಳ ಮಾನದಂಡ ರೂಪಿಸುವ ಎಸ್‌ಡಿ ಅಸೋಸಿಯೇಷನ್, 32 ಜಿಬಿಗಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಕಾರ್ಡುಗಳಿಗೆ ಅದನ್ನೇ ಗೊತ್ತುಮಾಡಿತು. ಹಾಗೆ ಅಂಗಡಿಯಿಂದ ಬರುವ ಪ್ರತಿ 64 ಜಿಬಿ ಕಾರ್ಡೂ ಪೇಟೆಂಟಿನ ಬೇಲಿಯೊಳಗಿದ್ದ ಲಿಪಿಯನ್ನು ಹೊತ್ತೇ ಬಂತು. ಪರವಾನಗಿಗೆ ಹಣ ಕಟ್ಟಿದ ಕಂಪನಿಯ ಫೋನು ಅದನ್ನು ಓದಿತು, ಕಟ್ಟದ್ದರ ಫೋನು ಕಾರ್ಡ್ ಖಾಲಿಯಿದೆ ಎಂದಿತು. ಎರಡರ ಒಳಗೂ ಲಿನಕ್ಸೇ ಇತ್ತು. ಪೇಟೆಂಟಿನ ಭಯ ಬರೀ ಊಹೆಯಾಗಿರಲಿಲ್ಲ. ಲಿನಕ್ಸ್ ಬಳಸಿ ದಾರಿ ತೋರಿಸುವ ಯಂತ್ರಗಳನ್ನು ಮಾಡುತ್ತಿದ್ದ ನೆದರ್ಲೆಂಡ್ಸಿನ ಟಾಮ್‌ಟಾಮ್ ಮೇಲೆ ಮೈಕ್ರೋಸಾಫ್ಟ್ 2009ರ ಫೆಬ್ರವರಿಯಲ್ಲಿ ಮೊಕದ್ದಮೆ ಹೂಡಿತ್ತು. ಅದರಲ್ಲಿ ಫ್ಯಾಟ್‌ನ ಉದ್ದ ಹೆಸರುಗಳ ಪೇಟೆಂಟೂ ಸೇರಿತ್ತು. ಮಾರ್ಚಿನಲ್ಲೇ ಟಾಮ್‌ಟಾಮ್ ಹಣ ಕಟ್ಟಲು ಒಪ್ಪಿ ರಾಜಿಯಾಯಿತು.

ಹತ್ತು ವರ್ಷದ ಮೇಲೆ, 2019ರ ಆಗಸ್ಟಿನಲ್ಲಿ, ಮೈಕ್ರೋಸಾಫ್ಟ್ ತಾನೇ ಎಕ್ಸ್‌ಫ್ಯಾಟಿನ ವಿವರಗಳನ್ನು ಪ್ರಕಟಿಸಿ ಲಿನಕ್ಸಿಗೆ ಸೇರಿಸಿಕೊಳ್ಳಲು ಒಪ್ಪಿತು. ಅದೇ ವರ್ಷ ಲಿನಕ್ಸ್ 5.4ರಲ್ಲಿ ಒಂದು ಕಚ್ಚಾ ಡ್ರೈವರ್ ಬಂತು, 2020ರ 5.7ರಲ್ಲಿ ಸ್ಯಾಮ್ಸಂಗ್ ಬರೆದ ಗಟ್ಟಿ ಡ್ರೈವರ್ ಅದರ ಜಾಗ ತುಂಬಿತು. ಹಾಗಾದರೆ ತಕರಾರು ಮುಗಿಯಿತಲ್ಲ ಎನ್ನಬಹುದು. ಪೂರ್ತಿ ಮುಗಿದಿಲ್ಲ. ಕೈಯಂತ್ರಗಳ ಕರ್ನೆಲ್ (ಲಿನಕ್ಸಿನ ತಿರುಳು) ಕಾರ್ಖಾನೆ ಬಿಟ್ಟ ದಿನದಲ್ಲೇ ನಿಂತುಬಿಡುವುದು ಹೆಚ್ಚು. ಹಳೆಯದಕ್ಕೆ ಹೊಸ ಲಿಪಿ ಕಲಿಸುವವರಿಲ್ಲ. ಅಂಥ ಯಂತ್ರಕ್ಕೆ 64 ಜಿಬಿ ಕಾರ್ಡನ್ನು ಫ್ಯಾಟ್-32ಕ್ಕೆ ಬದಲಿಸಿ ಕೊಟ್ಟರೆ ಎಷ್ಟೋ ಸಲ ಮಾತಿಲ್ಲದೆ ಒಪ್ಪಿಕೊಳ್ಳುತ್ತದೆ, ಕಾರ್ಡು ಅದೇ, ಪಿನ್ನುಗಳೂ ಅವೇ. ವಿಂಡೋಸಿನ ಫಾರ್ಮ್ಯಾಟ್ ಕಿಟಕಿ 32 ಜಿಬಿಯ ಮೇಲೆ ಫ್ಯಾಟ್-32 ಕೊಡುವುದಿಲ್ಲವೆಂದು ಹಟ ಹಿಡಿಯುತ್ತ ಬಂದದ್ದರಿಂದ ಇದು ಸಾಧ್ಯವೇ ಇಲ್ಲವೆಂದು ಜನ ತಿಳಿದರು. ಆ ಮಿತಿ ಕಿಟಕಿಯದು, ಫೈಲ್ ಸಿಸ್ಟಮ್ಮಿನದಲ್ಲ. ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದೇ ಸಾಲಿನ ಆದೇಶಕ್ಕೆ ಕೆಲಸ ಆಗುತ್ತದೆ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಎಕ್ಸ್‌ಫ್ಯಾಟ್ ಎಲ್ಲರದ್ದೂ ಆದ ಮೇಲೆ, 2022ರಲ್ಲಿ ಬಂದ ಸ್ಟೀಮ್ ಡೆಕ್ ಕಾರ್ಡನ್ನು ಲಿನಕ್ಸಿನದೇ ಲಿಪಿಯಾದ ಇಎಕ್ಸ್‌ಟಿ-4ಕ್ಕೇ ಏಕೆ ಬದಲಿಸುತ್ತದೆ? ಹಟಕ್ಕಲ್ಲ. ಇಎಕ್ಸ್‌ಟಿ-4 ಜರ್ನಲ್ ಇಡುತ್ತದೆ. ಅಂದರೆ ಲೆಕ್ಕದ ಪುಸ್ತಕ ತಿದ್ದುವ ಮೊದಲು, ಏನು ತಿದ್ದುತ್ತೇನೆಂದು ಪಕ್ಕದಲ್ಲಿ ಬರೆದುಕೊಳ್ಳುತ್ತದೆ. ಬರೆಯುವ ನಡುವೆ ಬ್ಯಾಟರಿ ಸತ್ತರೆ, ಮತ್ತೆ ಎದ್ದಾಗ ಆ ಟಿಪ್ಪಣಿ ನೋಡಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಎಕ್ಸ್‌ಫ್ಯಾಟಿನಲ್ಲಿ ಆ ಟಿಪ್ಪಣಿ ಇಲ್ಲ. ಫೈಲಿನ ಒಡೆಯ ಯಾರು, ಓಡಿಸುವ ಅನುಮತಿ ಯಾರಿಗೆ ಎಂದು ಬರೆಯಲೂ, ಒಂದು ಫೈಲಿನಿಂದ ಇನ್ನೊಂದರ ಕಡೆ ಬೆರಳು ತೋರಿಸುವ ಕೊಂಡಿ ಇಡಲೂ ಅದರಲ್ಲಿ ಜಾಗವಿಲ್ಲ. ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ ಪ್ರೋಟಾನ್ ಆ ಕೊಂಡಿಗಳನ್ನೇ ನೆಚ್ಚಿದೆ. ಫೋಟೋ ಸಾಗಿಸುವ ಕಾರ್ಡಿಗೆ ಇದ್ಯಾವುದೂ ಬೇಡ, ಪ್ರೋಗ್ರಾಂ ನೆಲೆಸುವ ಕಾರ್ಡಿಗೆ ಇಲ್ಲದೆ ಆಗದು. ಓಡಾಡುವ ಕಾರ್ಡಿಗೆ ಎಕ್ಸ್‌ಫ್ಯಾಟ್, ಮನೆಮಾಡಿಕೊಂಡಿರುವ ಕಾರ್ಡಿಗೆ ಇಎಕ್ಸ್‌ಟಿ-4 ಎಂದು ನಾನು ಹೇಳುವುದು ಈ ಕಾರಣಕ್ಕೆ. ಬೆಂಗಳೂರಿನಲ್ಲೇ ಹುಟ್ಟಿದ ಲಿನಕ್ಸ್ ಕೈಯಂತ್ರ ಸಿಂಪ್ಯೂಟರ್‌ನಲ್ಲಿ ಯಂತ್ರ ಊರಿನದು, ಸ್ಮಾರ್ಟ್ ಕಾರ್ಡ್ ಮಾತ್ರ ಒಬ್ಬೊಬ್ಬರದು ಎಂಬ ಕಲ್ಪನೆ ಇತ್ತು. ಅಲ್ಲಿ ಕಾರ್ಡು ಓಡಾಡಲೆಂದೇ ಇತ್ತು. 2015ರ ಆಂಡ್ರಾಯ್ಡ್ 6 ಇದಕ್ಕೆ ತದ್ವಿರುದ್ಧ: ಕಾರ್ಡನ್ನು ಫೋನಿನ ಒಳಸಂಗ್ರಹವಾಗಿ ಸೇರಿಸಿಕೊಂಡರೆ ಬೀಗ ಹಾಕಿ ಬರೆಯುತ್ತದೆ, ಕೀಲಿ ಆ ಫೋನಿನಲ್ಲೇ ಉಳಿಯುತ್ತದೆ. ಫೋನು ಸತ್ತರೆ ಯಾವ ಲಿಪಿ ಬಲ್ಲವರಿಗೂ ಅದನ್ನು ತೆರೆಯಲಾಗದು.

ಲಿನಕ್ಸಿನಿಂದ ಲಿನಕ್ಸಿಗೆ ಹೋದರೂ ಒಂದು ಎಡವುಗಲ್ಲು ಉಂಟು. ಇಎಕ್ಸ್‌ಟಿ-4 ಒಡೆಯನ ಹೆಸರು ಬರೆಯುವುದಿಲ್ಲ, ಸಂಖ್ಯೆ ಬರೆಯುತ್ತದೆ. ಅನೇಕ ಕಂಪ್ಯೂಟರುಗಳಲ್ಲಿ ಮೊದಲ ಬಳಕೆದಾರನ ಸಂಖ್ಯೆ 1000. ನಿಮ್ಮ ಇನ್ನೊಂದು ಯಂತ್ರದಲ್ಲಿ ನೀವು 1001 ಆಗಿದ್ದರೆ, ನಿಮ್ಮದೇ ಫೈಲಿಗೆ ನೀವೇ ಪರಕೀಯರು. ಫೈಲಿನ ಹೆಸರು ಕಾಣುತ್ತದೆ, ತಿದ್ದಲು ಹೋದರೆ ಅನುಮತಿ ಇಲ್ಲವೆನ್ನುತ್ತದೆ. ಇದನ್ನೂ ಕಾರ್ಡಿನ ದೋಷವೆಂದು ಅಂಗಡಿಗೆ ಹಿಂತಿರುಗಿಸುವವರಿದ್ದಾರು.

ನಿಜವಾಗಿ ಕೆಟ್ಟ ಕಾರ್ಡುಗಳಿಲ್ಲವೇ? ಇವೆ. 128 ಜಿಬಿ ಎಂದು ಅಚ್ಚು ಹಾಕಿ ಒಳಗೆ 8 ಜಿಬಿ ಇಟ್ಟ ನಕಲಿಗಳೂ ಇವೆ. ಅವುಗಳ ವರ್ತನೆ ಬೇರೆ: ಮೊದಲಿಗೆ ಎಲ್ಲ ಸರಿಯಿದ್ದು, ತುಂಬುತ್ತ ಹೋದಂತೆ ಫೋಟೋಗಳು ಅರ್ಧ ಬೂದುಬಣ್ಣಕ್ಕೆ ತಿರುಗುತ್ತವೆ. ಒಂದು ಯಂತ್ರದಲ್ಲಿ ಪೂರ್ತಿ ಓದಿ ಇನ್ನೊಂದರಲ್ಲಿ ಖಾಲಿ ಎನಿಸುವ ಕಾರ್ಡಿನ ತೊಂದರೆ ಬಹುಮಟ್ಟಿಗೆ ಲಿಪಿಯದೇ. ಕಾರ್ಡನ್ನು ಬಂದ ಯಂತ್ರಕ್ಕೇ ಹಿಂದಕ್ಕೆ ಹಾಕಿ ನೋಡಿದರೆ ಒಂದೇ ನಿಮಿಷದಲ್ಲಿ ಇದು ಗೊತ್ತಾಗುತ್ತದೆ. ಕೈತಪ್ಪಿ ಫಾರ್ಮ್ಯಾಟ್ ಒತ್ತಿಬಿಟ್ಟಿದ್ದರೆ ಅದರ ಮೇಲೆ ಇನ್ನೇನೂ ಬರೆಯದೆ ತೆಗೆದಿಡಿ. ಕ್ವಿಕ್ ಫಾರ್ಮ್ಯಾಟ್ ಸಾಮಾನ್ಯವಾಗಿ ಲೆಕ್ಕದ ಮೊದಲ ಹಾಳೆಗಳನ್ನಷ್ಟೇ ಬದಲಿಸುತ್ತದೆ, ಇಎಕ್ಸ್‌ಟಿ-4 ತನ್ನ ಮುಖ್ಯ ಹಾಳೆಯ ಪ್ರತಿಗಳನ್ನು ಕಾರ್ಡಿನ ಬೇರೆಬೇರೆ ಕಡೆ ಇಟ್ಟುಕೊಂಡಿರುತ್ತದೆ. ಟೆಸ್ಟ್‌ಡಿಸ್ಕ್‌ನಂಥ ಉಚಿತ ತಂತ್ರಾಂಶಗಳು ಹುಡುಕುವುದು ಆ ಪ್ರತಿಗಳನ್ನೇ.