ನಿಡಘಟ್ಟದಲ್ಲಿ ಕೂಡಿದ ದಾರಿ, ಉಜಿರೆಯಲ್ಲಿ ಕೂಡಿದ ಕೈ

ಮದ್ದೂರು ತಾಲ್ಲೂಕಿನ ನಿಡಘಟ್ಟ. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಎರಡು ಭಾಗ ಮಾಡಿ ಕಟ್ಟಿದರಲ್ಲ, ಅವೆರಡೂ ಕೂಡಿದ್ದು ಇಲ್ಲೇ. 2023ರಲ್ಲಿ ಉದ್ಘಾಟನೆ ಆಯಿತು. ವಾಹನಗಳು ಬೈಪಾಸ್ ಹಿಡಿದವು. ಮದ್ದೂರು, ಚನ್ನಪಟ್ಟಣಗಳ ಹಳೇ ರಸ್ತೆ ಬದಿಯ ವ್ಯಾಪಾರ ಇಳಿಯಿತು.

ಹೀಗೆ ವ್ಯಾಪಾರ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸುವವರು, ಅದಕ್ಕೆ ಸಾಲ ಕೊಡುವವರು ಯಾರು? ಟ್ರಸ್ಟ್‌ಗೆ ಜನರ ನಂಬಿಕೆ ಇರುತ್ತದೆ, ಸಾಲ ಕೊಡುವಷ್ಟು ದುಡ್ಡಿರುವುದಿಲ್ಲ. ಬ್ಯಾಂಕಿನಲ್ಲಿ ದುಡ್ಡಿದೆ, ಹಳ್ಳಿ ಹುಡುಗನಿಗೆ ಅದರ ಮೆಟ್ಟಿಲೇರಲು ಅಳುಕು.

ಈ ಗಂಟನ್ನು 1982ರಲ್ಲೇ ದಕ್ಷಿಣ ಕನ್ನಡದ ಉಜಿರೆಯಲ್ಲಿ ಮೂರು ಸಂಸ್ಥೆಗಳು ಸೇರಿ ಬಿಚ್ಚಿದವು: ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಹುಟ್ಟಿದ್ದು ಹಳ್ಳಿಯ ಯುವಜನರಿಗೆ ಸ್ವಂತ ಉದ್ಯೋಗ ಕಲಿಸುವ ಸಂಸ್ಥೆ ರುಡ್‌ಸೆಟಿ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಕಲಿತು ಊರಿಗೆ ಹೋದ ಮೇಲೂ ವಿಚಾರಿಸುತ್ತಾರೆ, ಸಾಲಕ್ಕೆ ದಾರಿ ತೋರಿಸುತ್ತಾರೆ. ಜಾಣತನ ಇರುವುದು ಇಲ್ಲೇ. ಬರೀ ಸರ್ಟಿಫಿಕೇಟ್ ತೋರಿಸಿದರೆ ಹೊಲಿಗೆ ಮಷಿನ್ ಸಿಗುತ್ತದೆಯೇ?

ಸ್ವಾರಸ್ಯವೆಂದರೆ, ಆ ಎರಡೂ ಬ್ಯಾಂಕುಗಳು ಮಾರುಕಟ್ಟೆಯಲ್ಲಿ ಪೈಪೋಟಿಯಲ್ಲಿದ್ದವು. 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲೇ ವಿಲೀನವಾಯಿತು.

ಈ ಮಾದರಿ ನೋಡಿಯೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಜಿಲ್ಲೆಗೊಂದು ಇಂಥದೇ ತರಬೇತಿ ಸಂಸ್ಥೆ ತೆರೆಯುವ ಆರ್‌ಸೆಟಿ ಎಂಬ ಯೋಜನೆ ತಂದಿತು. ಜಾಗ ರಾಜ್ಯ ಸರ್ಕಾರದ್ದು, ನಡೆಸುವುದು ಬ್ಯಾಂಕು, ಖರ್ಚಿಗೆ ಕೇಂದ್ರದ ನೆರವು. ಹೈನುಗಾರಿಕೆ, ಹೊಲಿಗೆ, ಮೊಬೈಲ್ ರಿಪೇರಿ, ಕಲಿಯಲು ಬೇಕಾದಷ್ಟಿದೆ.