ಬಸ್ ಬೋರ್ಡಿನ ಐದು ಊರು

ಎರಡನೆಯ ತರಗತಿಯ ಮಗುವನ್ನು ಜಮಖಂಡಿ ಬಸ್ ನಿಲ್ದಾಣಕ್ಕೆ ಕರೆದೊಯ್ದು ಬೋರ್ಡು ಓದಿಸಿ ನೋಡಿ. ರಬಕವಿ ಸಲೀಸು: ನಾಲ್ಕಕ್ಷರ, ಒಂದೇ ಗುಡಿಸು. ಬೀಳಗಿಯಲ್ಲಿ ಗುಡಿಸಿಗೆ ದೀರ್ಘ ಸೇರುತ್ತದೆ. ಮುಧೋಳದಲ್ಲಿ ಕೊಂಬು, ಓತ್ವ, ದೀರ್ಘ, ಸಾಲದ್ದಕ್ಕೆ ಒಂದು ಮಹಾಪ್ರಾಣ. ಜಮಖಂಡಿಯಲ್ಲಿ ಸೊನ್ನೆ. ಬನಹಟ್ಟಿಗೆ ಬಂದಾಗ ಮಗು ತಡವರಿಸಿ 'ಬನಹಟಿಟ' ಅನ್ನಬಹುದು.

ಇದು ದಡ್ಡತನವಲ್ಲ. ಕಣ್ಣಿಗೆ ಕಂಡದ್ದನ್ನೇ ಮಗು ಓದಿದೆ. 'ಟ್ಟಿ'ಯಲ್ಲಿ ಗುಡಿಸು ಕೂತಿರುವುದು ಮೇಲಿನ ಟಕಾರದ ನೆತ್ತಿಯ ಮೇಲೆ, ಆದರೆ ಅದರ ದನಿ ಹೊರಡುವುದು ಕೆಳಗಿನ ಒತ್ತು ಮುಗಿದ ಮೇಲೆ. 34 ವ್ಯಂಜನಗಳಿಗೆ 13 ಸ್ವರ ಕೂಡಿಸಿದರೆ 442 ಗುಣಿತಾಕ್ಷರಗಳಾಗುತ್ತವೆ. ಅಷ್ಟನ್ನು ಕಲಿತ ಮಗುವೂ ಈ ಒತ್ತಿನ ಹೊಸ್ತಿಲಲ್ಲಿ ಎಡವುತ್ತದೆ. ತ, ನ, ಮ, ಯ, ರಗಳ ಒತ್ತಂತೂ ಮೂಲ ಅಕ್ಷರದ ಗುರುತನ್ನೇ ಬಿಟ್ಟುಕೊಡುವುದಿಲ್ಲ. 'ಸೂರ್ಯ'ದ ಅರ್ಕಾವತ್ತು ಇನ್ನೂ ತುಂಟ: ಮೊದಲು ಉಲಿಯಬೇಕಾದ ರಕಾರ ಬರಹದಲ್ಲಿ ಕೊನೆಗೆ ಕೂತಿರುತ್ತದೆ.

ಇಲ್ಲಿ ಕಣ್ಣಿಗಿಂತ ಕಿವಿ ದೊಡ್ಡ ಗುರು. ಬರಹದಲ್ಲಿ ಬ-ನ-ಹ-ಟ್ಟಿ, ಬಾಯಲ್ಲಿ ಬ-ನ-ಹಟ್-ಟಿ. ಒತ್ತಕ್ಷರದ ಮೊದಲ ಅರ್ಧವನ್ನು ಬಾಯಿ ಹಿಂದಿನ ಅಕ್ಷರಕ್ಕೆ ಅಂಟಿಸಿಬಿಡುತ್ತದೆ. ಛಂದಸ್ಸಿನವರಿಗೆ ಇದು ಹಳೆಯ ಸಂಗತಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಅವರು ಲೆಕ್ಕ ಹಾಕುವುದು ಇದಕ್ಕೇ. ಮುಧೋಳದ ಮಗ ಕವಿ ರನ್ನನ ಹೆಸರೇ ರನ್-ನ: ಒಂದು ಗುರು, ಒಂದು ಲಘು. ಮೊದಲು ಚಪ್ಪಾಳೆ ತಟ್ಟಿ ಹೇಳಿಸಿ, ಆಮೇಲೆ ಬರಹ ತೋರಿಸಿ.

ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಪಾಠದ ಪದಗಳು ಕೈಗೇ ಸಿಗುತ್ತವೆ. ಲಾಳಿ ದೀರ್ಘಕ್ಕೆ, ಮಗ್ಗ ಒತ್ತಿಗೆ, ಕಂಡಿಕೆ ಸೊನ್ನೆಗೆ. ಸೊನ್ನೆ ಕಂಡಿಕೆಯಲ್ಲಿ 'ಣ್' ಆಗುತ್ತದೆ, ಕಂಬದಲ್ಲಿ 'ಮ್'. ಇದಕ್ಕೆ ನಿಯಮ ಬಾಯಿಪಾಠ ಮಾಡಿಸಬೇಡಿ. ಗೊತ್ತಿರುವ ಪದವಾದರೆ ನಾಲಿಗೆ ತಾನೇ ಸರಿದಾರಿ ಹಿಡಿಯುತ್ತದೆ. ಒತ್ತಿಗೆ ಮುಧೋಳದ ಕಡೆ ಕಬ್ಬು, ಬೆಲ್ಲ ಇದ್ದೇ ಇವೆ.

ರಬಕವಿಯಿಂದ ಬನಹಟ್ಟಿಗೆ, ಸುಲಭದಿಂದ ಕಷ್ಟಕ್ಕೆ ಎಂಬ ಈ ದಾರಿ ನಮ್ಮ ಶಾಲೆಗಳಿಗೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ವರ್ಣಮಾಲೆಯ ಸಾಲು ಹಿಡಿಯದೆ ರ, ಗ, ಸ, ದ, ಅ ಕಲಿತು ತಕ್ಷಣ ಸರ, ಅರಸ, ಗರಗಸ ಓದುತ್ತಾರೆ. ಅಕ್ಷರ ಕಲಿತೊಡನೆ ಓದುವ ಈ ಸಲೀಸು ಇಂಗ್ಲಿಷಿಗಿಲ್ಲ. ಅದನ್ನು ಕಲಿಸುವವರು ಪದದ ತುಣುಕುಗಳಲ್ಲಿ ಆರು ಬಗೆ ಮಾಡಿಕೊಂಡಿದ್ದಾರೆ, ಅಲ್ಲಿ ಸ್ವರ ಹ್ರಸ್ವವೋ ದೀರ್ಘವೋ ಎಂದು ಊಹಿಸಬೇಕಲ್ಲ. ನಮ್ಮ ಲಿಪಿಗೆ ಆ ಕಾಟವಿಲ್ಲ.

ಒಂದು ಮಾತು ಮೇಷ್ಟ್ರಿಗೆ. ಪುಸ್ತಕದ 'ಮನೆ'ಯನ್ನು ಬೀಳಗಿಯ ಹುಡುಗ 'ಮನಿ' ಎಂದು ಓದಿದರೆ ಕೆಂಪು ಗೆರೆ ಎಳೆಯಬೇಡಿ. ಅವನು ಅಕ್ಷರ ಬಿಡಿಸಿ, ಅರ್ಥ ಹಿಡಿದು, ತನ್ನ ಮನೆಯ ಮಾತಿನಲ್ಲಿ ಹೇಳಿದ್ದಾನೆ. ರಬಕವಿಯನ್ನು ನಾವೆಲ್ಲ 'ರಬ್ಕವಿ' ಅನ್ನುವುದಿಲ್ಲವೇ?

ಐದು ಊರು ಮುಗಿದ ಮೇಲೆ ತೇರದಾಳ, ಲೋಕಾಪುರ, ಮಹಾಲಿಂಗಪುರ ಓದಿಸಿ. ಮೂರರಲ್ಲೂ ಒತ್ತಿಲ್ಲ. ಹುಬ್ಬಳ್ಳಿ ಬಸ್ಸನ್ನು ಕಡೆಗಿಟ್ಟುಕೊಳ್ಳಿ, ಅದರಲ್ಲಿ ಎರಡಿವೆ.