ನೋವಿಲ್ಲದ ದವಡೆಯ ಊತ

ಕರ್ಜಗಿಯ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಮೂವತ್ತೈದರ ಆಸುಪಾಸು. ಮೆಣಸಿನಕಾಯಿ ಹೊಲದ ದುಡಿಮೆ, ಬ್ಯಾಡಗಿಯ ಪೇಟೆಯ ಓಡಾಟ, ಗಟ್ಟಿಮುಟ್ಟಾದ ದೇಹ. ಒಂದು ದಿನ ಕ್ಷೌರಕ್ಕೆ ಕುಳಿತಾಗ ಕ್ಷೌರಿಕನೇ ಮೊದಲು ಕೇಳುತ್ತಾನೆ: “ಗೌಡ್ರ, ಬಲಗಡೆ ಗಲ್ಲ ಉಬ್ಬೇತಲ್ರೀ, ಹಲ್ಲು ನೋವೇನ್ರಿ?” ನೋವಿಲ್ಲ, ಜ್ವರವಿಲ್ಲ, ಕೀವಿಲ್ಲ. ಮನೆಯಲ್ಲಿ ಅರಿಸಿನದ ಲೇಪವಾಗುತ್ತದೆ, ಶಾಖವಾಗುತ್ತದೆ. ಹೀಗೆಯೇ ಎರಡು ವರ್ಷ ಕಳೆಯುವಷ್ಟರಲ್ಲಿ ದವಡೆಹಲ್ಲೊಂದು ಅಲುಗಾಡತೊಡಗುತ್ತದೆ. ಅದನ್ನು ಕೀಳಿಸಿದರೂ ಊತ ಇಳಿಯುವುದಿಲ್ಲ.

ಇಂಥ ಊತದ ಹಿಂದೆ ಅಡಗಿರಬಹುದಾದ ಗೆಡ್ಡೆಗಳಲ್ಲಿ ಒಂದಕ್ಕೆ ಅಮೆಲೋಬ್ಲಾಸ್ಟೋಮ ಎಂದು ಹೆಸರು. ರೋಗ ವಿರಳವಾದುದು, ಆದರೆ ನೋಯುವುದಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಹೊತ್ತುಕೊಂಡೇ ವರ್ಷಗಳನ್ನು ಕಳೆಯುವವರು ವಿರಳವಲ್ಲ.

ಹೆಸರಿನಲ್ಲೊಂದು ವಿನೋದವಿದೆ. ‘ಅಮೆಲ್’ ಎಂಬುದು ಎನಾಮಲ್ ಎಂಬ ಶಬ್ದದ ಹಳೆಯ ಇಂಗ್ಲಿಷ್ ರೂಪ. ‘ಬ್ಲಾಸ್ಟೋಸ್’ ಎಂದರೆ ಗ್ರೀಕಿನಲ್ಲಿ ಮೊಳಕೆ. ಹಲ್ಲಿನ ಮೇಲಿನ ಹೊಳಪಾದ ಗಟ್ಟಿ ಪದರವನ್ನು ಕಟ್ಟುವ ಜೀವಕೋಶಗಳನ್ನು ಹೋಲುವ ಕೋಶಗಳ ಗೆಡ್ಡೆಯಿದು. ಹಲ್ಲು ರೂಪುಗೊಂಡ ಬಳಿಕ ಅದನ್ನು ಕಟ್ಟಿದ ಅಂಗಾಂಶ ಮರೆಯಾಗಬೇಕು. ಆದರೆ ಮನೆ ಕಟ್ಟಿ ಮುಗಿದ ಮೇಲೂ ಅಂಗಳದಲ್ಲಿ ಅಷ್ಟಿಷ್ಟು ಗಾರೆ ಉಳಿಯುವಂತೆ, ಅದರ ತುಣುಕುಗಳು ದವಡೆಯಲ್ಲಿ ಉಳಿದುಕೊಳ್ಳುತ್ತವೆ. ನಮ್ಮೆಲ್ಲರಲ್ಲಿಯೂ ಅವು ಇವೆ; ಸಾಮಾನ್ಯವಾಗಿ ಸುಮ್ಮನಿರುತ್ತವೆ. ಎಲ್ಲೋ ಒಬ್ಬರಲ್ಲಿ ಮತ್ತೆ ಬೆಳೆಯತೊಡಗುತ್ತವೆ. ವಿಚಿತ್ರವೆಂದರೆ, ಹೀಗೆ ಬೆಳೆದ ಗೆಡ್ಡೆ ಒಂದು ಕಣ ಎನಾಮಲನ್ನೂ ತಯಾರಿಸಲಾರದು! ಅಮೆಲೋಬ್ಲಾಸ್ಟೋಮ ಎಂಬ ಹೆಸರು ಬಂದದ್ದು ೧೯೩೦ರ ಸುಮಾರಿಗೆ. ಅದಕ್ಕೆ ಮೊದಲು ಅಡಮಾಂಟಿನೋಮ ಎನ್ನುತ್ತಿದ್ದರು. ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ಬರುವುದು ನಿಜ. ಈ ಗೆಡ್ಡೆಗೆ ಮಾತ್ರ ತಂಬಾಕು ಕಾರಣವಲ್ಲ.

ಐದರಲ್ಲಿ ನಾಲ್ಕು ಪಾಲು ಈ ಗೆಡ್ಡೆ ಹುಟ್ಟುವುದು ಕೆಳದವಡೆಯಲ್ಲಿ, ಅದರಲ್ಲಿಯೂ ಹಿಂಬದಿಯ ದವಡೆಹಲ್ಲುಗಳ ಕಡೆಗೆ. ಅದು ಒಳಗಿನಿಂದ ಮೂಳೆಯನ್ನು ಕರಗಿಸುತ್ತ, ಹೊರಗಿನ ಗೋಡೆಯನ್ನು ಉಬ್ಬಿಸುತ್ತ ಹೋಗುತ್ತದೆ. ಕೊನೆಗೆ ಗೋಡೆ ಎಷ್ಟು ತೆಳುವಾಗುವುದೆಂದರೆ, ವೈದ್ಯನ ಬೆರಳಿನ ಒತ್ತಡಕ್ಕೆ ಮೊಟ್ಟೆಯ ಚಿಪ್ಪಿನಂತೆ ಚಟಚಟ ಎನ್ನುವುದುಂಟು. ಕ್ಷ-ಕಿರಣದ ಚಿತ್ರದಲ್ಲಿ ಅನೇಕ ವೇಳೆ ಜೇನುಹುಟ್ಟಿನಂತಹ ಕಪ್ಪು ಕೋಣೆಗಳು ಕಾಣಿಸುತ್ತವೆ.

ಆದರೆ ಕಪ್ಪು ಕಂಡುದೆಲ್ಲ ಅಮೆಲೋಬ್ಲಾಸ್ಟೋಮವಲ್ಲ. ಹೊರಬರದೆ ಹೂತುಹೋದ ಹಲ್ಲಿನ ಸುತ್ತ ಬೆಳೆದ ನೀರುಚೀಲವೂ ಹಾಗೆಯೇ ಕಾಣಬಹುದು. ಅದನ್ನು ಸುಲಿದು ತೆಗೆದರೆ ಸಾಕು. ಗಿಣ್ಣದಂತಹ ಬಿಳಿಯ ವಸ್ತು ತುಂಬಿದ ಕೆರಾಟೋಸಿಸ್ಟ್ ಎಂಬ ಇನ್ನೊಂದು ಚೀಲವಿದೆ. ಅದು ಮುಖವನ್ನು ಹೆಚ್ಚು ಉಬ್ಬಿಸದೆ ದವಡೆಯ ಉದ್ದಕ್ಕೆ ಹರಿಯುತ್ತದೆ, ಮರುಕಳಿಸುವ ಚಾಳಿಯೂ ಅದಕ್ಕುಂಟು. ಓಡಾಂಟೋಮ ಎಂಬ ಗೆಡ್ಡೆಯಾದರೋ ಸಣ್ಣ ಸಣ್ಣ ಹಲ್ಲುಗಳ ಗಂಟು. ೨೦೧೯ರಲ್ಲಿ ಚೆನ್ನೈಯಲ್ಲಿ ಏಳು ವರ್ಷದ ಬಾಲಕನೊಬ್ಬನ ದವಡೆಯಿಂದ ೫೨೬ ಹಲ್ಲುಗಳು ಹೊರಬಂದುವು. ಇವೆಲ್ಲಕ್ಕಿಂತ ಸೋಜಿಗದ್ದೆಂದರೆ, ಒಮ್ಮೊಮ್ಮೆ ದವಡೆಯ ರೋಗದ ಮೂಲ ಕುತ್ತಿಗೆಯಲ್ಲಿರುತ್ತದೆ. ಅಲ್ಲಿನ ಪ್ಯಾರಾಥೈರಾಯ್ಡ್ ಗ್ರಂಥಿ ಮಿತಿಮೀರಿ ಸ್ರವಿಸಿದರೆ ಮೂಳೆಯ ಸುಣ್ಣ ಕರಗಿ ದವಡೆಯಲ್ಲಿ ಕಂದುಬಣ್ಣದ ಗೆಡ್ಡೆಯಾಗಬಹುದು. ಅಂಥವನ ದವಡೆಗೆ ಕತ್ತಿ ಹಾಕುವುದಕ್ಕಿಂತ ಮುಂಚೆ ರಕ್ತದಲ್ಲಿನ ಕ್ಯಾಲ್ಸಿಯಮನ್ನು ಅಳೆದು ನೋಡುವುದು ಮೇಲು.

ಆದುದರಿಂದ ತೀರ್ಪು ಕೊಡುವುದು ಸೂಕ್ಷ್ಮದರ್ಶಕ. ಗೆಡ್ಡೆಯ ಚೂರೊಂದನ್ನು ತೆಗೆದು ಪರೀಕ್ಷಿಸಿದರೆ, ಅಂಚಿನ ಕೋಶಗಳು ಬೇಲಿಯ ಗೂಟಗಳಂತೆ ಸಾಲಾಗಿ ನಿಂತಿರುತ್ತವೆ. ಅವುಗಳ ಕೇಂದ್ರಬಿಂದುಗಳು ಬುಡವನ್ನು ಬಿಟ್ಟು ಮೇಲಕ್ಕೆ ಸರಿದಿರುತ್ತವೆ. ಈ ಲಕ್ಷಣಗಳನ್ನು ೧೯೭೦ರಲ್ಲಿ ವಿಕರ್ಸ್ ಮತ್ತು ಗೋರ್ಲಿನ್ ಎಂಬವರು ಸ್ಪಷ್ಟಪಡಿಸಿದರು.

ಇನ್ನು ಚಿಕಿತ್ಸೆ. ನಮ್ಮ ರೈತನ ಎದೆ ನಡುಗುವುದು ಇಲ್ಲಿಯೇ. “ಕ್ಯಾನ್ಸರ್ ಅಲ್ಲ” ಎಂದ ವೈದ್ಯನೇ ಮರುಕ್ಷಣ “ದವಡೆಯ ಒಂದು ಭಾಗವನ್ನೇ ತೆಗೆಯಬೇಕು” ಎನ್ನುತ್ತಾನೆ! ಕೆರೆದು ತೆಗೆದರೆ ಸಾಲದೆ ಎಂದು ಯಾರಾದರೂ ಕೇಳಿಯಾರು. ಎರೆಹೊಲದ ಕರಕಿಯನ್ನು ಬಲ್ಲವನಿಗೆ ಉತ್ತರ ಕಷ್ಟವಲ್ಲ. ಮೇಲಿನ ಹುಲ್ಲನ್ನು ಕಿತ್ತರೆ ಹೊಲ ಹಸನಾದಂತೆ ಕಾಣುತ್ತದೆ. ಮಣ್ಣಿನೊಳಗೆ ಹರಿದ ಬೇರು ಮುಂದಿನ ಮಳೆಗೆ ಚಿಗುರುತ್ತದೆ. ಈ ಗೆಡ್ಡೆಯೂ ಕಣ್ಣಿಗೆ ಕಾಣುವ ಅಂಚನ್ನು ದಾಟಿ ಮೂಳೆಯ ರಂಧ್ರಗಳೊಳಗೆ ಎಳೆಗಳನ್ನು ಚಾಚಿರುತ್ತದೆ. ಬರಿದೆ ಕೆರೆದು ತೆಗೆದಾಗ ನೂರಕ್ಕೆ ೬೦ಕ್ಕೂ ಮೀರಿ ಮರುಕಳಿಸಿದುದನ್ನು ಅನೇಕ ವರದಿಗಳು ಹೇಳುತ್ತವೆ. ಆದುದರಿಂದಲೇ ಸುತ್ತಲಿನ ಒಂದೆರಡು ಸೆಂಟಿಮೀಟರ್ ಒಳ್ಳೆಯ ಮೂಳೆಯನ್ನೂ ಸೇರಿಸಿ ಕತ್ತರಿಸುವುದು. ಎಳೆಯರಲ್ಲಿ ಕಾಣುವ ಒಂಟಿಚೀಲದ ಬಗೆಗೆ ಕೆಲವೊಮ್ಮೆ ಅಷ್ಟು ಕಠಿಣ ಕ್ರಮ ಬೇಕಿಲ್ಲ. ಮೇಲ್ದವಡೆಯದು ಮಾತ್ರ ಹೆಚ್ಚು ಭಯದ್ದು. ಅಲ್ಲಿ ಮೂಳೆ ಜಾಳು, ನೆರೆಯಲ್ಲಿ ಕಣ್ಣು, ಮೇಲೆ ಮಿದುಳು. ಮೊದಲನೆಯ ಶಸ್ತ್ರಚಿಕಿತ್ಸೆಯೇ ನಿರ್ಣಾಯಕವಾದುದು. ರೋಗಿಯ ಮೇಲಿನ ಮರುಕದಿಂದ ಅರೆಬರೆ ಮಾಡಿದ ಕೆಲಸ ಅವನಿಗೆ ಮುಂದೆ ಇನ್ನೂ ದೊಡ್ಡ ಕತ್ತರಿಯನ್ನೇ ತಂದೊಡ್ಡುತ್ತದೆ.

ತೆಗೆದ ಮೂಳೆಯ ಜಾಗಕ್ಕೆ ಏನು? ಮೊಣಕಾಲಿನ ಕೆಳಗೆ ಎರಡು ಮೂಳೆಗಳಿವೆ. ಭಾರದ ಬಹುಪಾಲು ದಪ್ಪನೆಯದರ ಮೇಲೆ. ಪಕ್ಕದ ತೆಳ್ಳನೆಯ ಫಿಬ್ಯುಲದ ನಡುಭಾಗವನ್ನು ಕೊಟ್ಟರೂ ಮನುಷ್ಯ ನಡೆಯಬಲ್ಲ. ಅದನ್ನು ಅದರ ರಕ್ತನಾಳದೊಡನೆ ತೆಗೆದು, ದವಡೆಯ ಬಾಗಿಗೆ ಹೊಂದುವಂತೆ ತುಂಡರಿಸಿ ಜೋಡಿಸಿ, ನಾಳವನ್ನು ಕುತ್ತಿಗೆಯ ನಾಳಕ್ಕೆ ಸೂಕ್ಷ್ಮದರ್ಶಕದ ನೆರವಿನಿಂದ ಹೊಲಿಯುತ್ತಾರೆ. ದವಡೆಗೆ ಈ ವಿಧಾನವನ್ನು ಅಮೆರಿಕೆಯ ಹಿಡಾಲ್ಗೊ ೧೯೮೯ರಲ್ಲಿ ವಿವರಿಸಿದನು. ಮುಂದೆ ಅದರ ಮೇಲೆ ಹಲ್ಲುಗಳನ್ನೂ ನೆಡಬಹುದು. ಕೆಳತುಟಿಯ ಸ್ಪರ್ಶಜ್ಞಾನ ಮಾತ್ರ ಹಲವರಲ್ಲಿ ಹಿಂದಿರುಗುವುದಿಲ್ಲ. ಇದನ್ನು ರೋಗಿಗೆ ಮೊದಲೇ ತಿಳಿಸಬೇಕು.

೨೦೧೪ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಅಮೆಲೋಬ್ಲಾಸ್ಟೋಮಗಳಲ್ಲಿ ಅನೇಕವು, ಮುಖ್ಯವಾಗಿ ಕೆಳದವಡೆಯವು, ಬಿ-ರಾಫ್ ಎಂಬ ಜೀನಿನ ಒಂದೇ ದೋಷವನ್ನು ಹೊತ್ತಿರುತ್ತವೆಂದು ಗೊತ್ತಾಯಿತು. ಚರ್ಮದ ಒಂದು ಕ್ಯಾನ್ಸರಿನಲ್ಲಿಯೂ ಇದೇ ದೋಷವುಂಟು. ಅದರ ಮಾತ್ರೆಗಳಿಂದ ಕೆಲವು ರೋಗಿಗಳ ದವಡೆಯ ಗೆಡ್ಡೆ ಕುಗ್ಗಿದೆ. ಆದರೂ ಕತ್ತಿಯ ಸ್ಥಾನವನ್ನು ಮಾತ್ರೆ ಇನ್ನೂ ಹಿಡಿದಿಲ್ಲ.

ಕರ್ಜಗಿಯಿರುವುದು ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗದ ಮೇಲೆ. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿದೆ. ಧಾರವಾಡದ ಸತ್ತೂರಿನಲ್ಲಿ ೧೯೮೬ರ ಎಸ್.ಡಿ.ಎಂ. ದಂತವೈದ್ಯಕೀಯ ಕಾಲೇಜಿದೆ. ಚಿಕಿತ್ಸೆಯಾದ ಬಳಿಕವೂ ನಮ್ಮ ರೈತ ಈ ದಾರಿಯನ್ನು ಮರೆಯುವಂತಿಲ್ಲ. ಹತ್ತು ವರ್ಷ ಕಳೆದ ಮೇಲೆಯೂ ಈ ಗೆಡ್ಡೆ ತಲೆಯೆತ್ತಿದ್ದುಂಟು. ಹೋಗುವಾಗ ಹಳೆಯ ಕ್ಷ-ಕಿರಣ ಚಿತ್ರಗಳನ್ನೆಲ್ಲ ಚೀಲದಲ್ಲಿಟ್ಟುಕೊಂಡು ಹೋಗಬೇಕು. ಹೊಸ ಚಿತ್ರದಲ್ಲಿ ಒಂದು ಕಪ್ಪು ಚುಕ್ಕೆ ಕಂಡರೆ, ಅದು ಹೋದ ವರ್ಷವೂ ಇತ್ತೇ ಎಂದು ವೈದ್ಯನು ಮೊದಲು ಹುಡುಕುವುದು ಅವುಗಳಲ್ಲಿಯೇ.